ಗೆದ್ದರೆ ನಮ್ಮವನು, ಬಿದ್ದರೆ ಯಾರವನು?

ಅಣ್ಣಿಗೇರಿಯ ಸುತ್ತಲಿನ ಎರೆ ಸೀಮೆಯಲ್ಲಿ ಸುಗ್ಗಿ ಮುಗಿಯುತ್ತಿದ್ದಂತೆ ಊರೂರಿನ ಗೋಡೆಗಳ ಮೇಲೆ ಬಣ್ಣದ ಕಾಗದಗಳು ಕಾಣಿಸಿಕೊಳ್ಳುತ್ತವೆ. ಜಾತ್ರೆ ಇರಲಿ, ಉರುಸು ಇರಲಿ, ಅದರ ಜೊತೆಗೊಂದು ಕುಸ್ತಿ ಇರಬೇಕು. ‘ಭಾರೀ ಜಂಗೀ ನಿಕಾಲಿ ಕುಸ್ತಿಗಳು’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ನಿಕಾಲಿ ಎಂದರೆ ಸಮಬಲವೆಂದು ಬಿಡಿಸುವ ಮಾತಿಲ್ಲ, ಒಬ್ಬನ ಬೆನ್ನು ಮಣ್ಣಿಗೆ ಹತ್ತಲೇಬೇಕು ಎಂದರ್ಥ. ಕಣದ ಸುತ್ತ ಜನವೋ ಜನ, ನಡುವೆ ಹಲಗಿಯ ಸದ್ದು. ಗೆದ್ದವನ ಕೈಗೆ ಬೆಳ್ಳಿಯ ಕಡಗ, ತಲೆಗೆ ರುಮಾಲು. ಗರಡಿ ಮನೆಯ ಗುರುವನ್ನು ಈ ಭಾಗದಲ್ಲಿ ವಸ್ತಾದ ಎನ್ನುತ್ತಾರೆ. ಉರ್ದುವಿನ ಉಸ್ತಾದ್ ಎಂಬ ಪದವೇ ಇಲ್ಲಿಯ ನಾಲಗೆಯಲ್ಲಿ ಹೀಗೆ ತಿರುಗಿದೆ. ಯಾರ ಮಗ ಯಾರ ಕೈಕೆಳಗೆ ಸಾಮು ಮಾಡಿದ ಎಂಬುದನ್ನು ಕೇಳುತ್ತಾರೆಯೇ ಹೊರತು ಯಾವ ಜಾತಿ, ಯಾವ ಧರ್ಮ ಎಂದು ಕೇಳುವ ರೂಢಿ ಆ ಮಣ್ಣಿನಲ್ಲಿ ಇಲ್ಲ.

ಕೆಲವು ವರ್ಷಗಳ ಹಿಂದೆ ಇಂಥದೊಂದು ಕುಸ್ತಿ ಮುಗಿದ ಸಂಜೆ ನಾವು ಚಹಾದಂಗಡಿಯಲ್ಲಿ ಕುಳಿತಿದ್ದೆವು. ಎದುರಿನ ಬೆಂಚಿನ ಮೇಲೆ ವಯಸ್ಸಾದವರೊಬ್ಬರು ಬಂದು ಕೂತರು. ಕೂತರು ಎನ್ನುವುದಕ್ಕಿಂತ, ಎರಡೂ ಕೈ ಊರಿ ಮೈಯನ್ನು ನಿಧಾನಕ್ಕೆ ಇಳಿಸಿದರು ಎನ್ನಬೇಕು. ಕಿವಿಗಳನ್ನು ನೋಡಿದ ಕೂಡಲೇ ಹಳೆಯ ಪೈಲ್ವಾನರೆಂದು ತಿಳಿಯಿತು. ಪಟ್ಟಿಗೆ ಸಿಕ್ಕು ಮತ್ತೆ ಮತ್ತೆ ಉಜ್ಜಿದ ಕಿವಿಯ ಒಳಗೆ ರಕ್ತ ತುಂಬುತ್ತದೆ. ಸಕಾಲಕ್ಕೆ ತೆಗೆಸದಿದ್ದರೆ ಅದು ಅಲ್ಲೇ ಗಟ್ಟಿಯಾಗಿ ಕಿವಿ ಮುದುಡಿಕೊಂಡು ಹಾಗೆಯೇ ಉಳಿಯುತ್ತದೆ. ಮಣಕಾಲಿಗೆ ಏನಾಯಿತೆಂದು ಕೇಳಿದೆವು. ಅವರು ನಕ್ಕು ಹೇಳಿದರು: “ಗೆದ್ದಾಗ ಹೆಗಲ ಮ್ಯಾಲ ಹೊತ್ತು ಊರೆಲ್ಲಾ ಮೆರಸಿದ್ರು, ಸಾಹೇಬ್ರ. ಮಣಕಾಲು ಹೋದ ದಿನಾ ಎತ್ತಿನ ಗಾಡ್ಯಾಗ ಮನಿಗೆ ಹೋದೆ. ಗಾಡಿ ಬಾಡಿಗಿ ನಾನ ಕೊಟ್ಟೆ.”

ಆ ಮಾತಿನಲ್ಲಿ ದೂರು ಇರಲಿಲ್ಲ. ಮಳೆ ಬಂತು, ಹೋಯಿತು ಎಂಬಂತೆ ಹೇಳಿ ಚಹಾ ಕುಡಿದು ಎದ್ದು ಹೋದರು. ಆದರೆ ಗಾಡಿ ಬಾಡಿಗೆಯ ಆ ಲೆಕ್ಕ ನಮ್ಮನ್ನು ಬಿಟ್ಟು ಹೋಗಲಿಲ್ಲ. ಗೆಲುವು ಊರಿನದು, ಮೆರವಣಿಗೆ ಊರಿನದು, ನೋವು ಮಾತ್ರ ಅವನೊಬ್ಬನದು. ಇದು ನ್ಯಾಯವೇ?

ನಮ್ಮ ದಿನನಿತ್ಯದ ಮಾತನ್ನೇ ಗಮನಿಸೋಣ. ಭಾರತ ತಂಡ ಗೆದ್ದರೆ “ನಾವು ಗೆದ್ದೆವು” ಎನ್ನುತ್ತೇವೆ. ಸೋತರೆ “ಅವನು ಕೈಬಿಟ್ಟ”, “ಅವನಿಂದ ಆಗಲಿಲ್ಲ” ಎನ್ನುತ್ತೇವೆ. ಬ್ಯಾಟು ಹಿಡಿಯದ, ಕಣಕ್ಕೆ ಇಳಿಯದ, ಬೆವರು ಹರಿಸದ ನಾವು ಗೆಲುವಿನ ವಾಕ್ಯದಲ್ಲಿ ಕರ್ತೃಗಳಾಗುತ್ತೇವೆ. ಸೋಲಿನ ವಾಕ್ಯಕ್ಕೆ ಬಂದಾಗ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತೇವೆ. ಇದು ಬರೀ ವ್ಯಾಕರಣದ ಸಂಗತಿಯಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆಟ ವೃತ್ತಿಯಾದ ಮೇಲೆ, ಒಬ್ಬನ ಮೈಮನಸ್ಸುಗಳ ಮೇಲೆ ತಂಡದ ಹಣ, ಪ್ರಾಯೋಜಕರ ಹಣ, ಲಕ್ಷಾಂತರ ಜನರ ಆಸೆ ಹೂಡಿಕೆಯಾದ ಮೇಲೆ, ಈ ಪ್ರಶ್ನೆ ನೈತಿಕ ಪ್ರಶ್ನೆಯಾಗುತ್ತದೆ. ಆಡುವವನ ದೇಹ ಯಾರದು? ಅದು ಮುರಿದಾಗ ಹೊಣೆ ಯಾರದು?

ವೃತ್ತಿಪರ ಕ್ರೀಡೆ ನಮ್ಮ ಊರುಗಳಿಗೆ ದೂರದ ವಿಷಯವಲ್ಲ. ಹುಬ್ಬಳ್ಳಿ ಮತ್ತು ಗದಗಿನ ನಡುವಿನ ರೈಲು ಹಾದಿಯಲ್ಲಿ ಅಣ್ಣಿಗೇರಿ ಇದೆ. ಗದಗಿನ ಸುನಿಲ್ ಜೋಶಿ ಬಾಲಕನಾಗಿದ್ದಾಗ ಕ್ರಿಕೆಟ್ ಅಭ್ಯಾಸಕ್ಕಾಗಿ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ ಶಾಲೆಯ ವೇಳೆಗೆ ಗದಗಿಗೆ ಮರಳುತ್ತಿದ್ದುದನ್ನು ಈ ಭಾಗದ ಜನ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅದೇ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರುಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಪಡೆದರು. ಧಾರವಾಡದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವಿದೆ. ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇದೆ, ಕ್ರೀಡಾ ಕೋಟಾದ ನೌಕರಿಯ ಆಸೆ ಇದೆ. 2008ರಲ್ಲಿ ಐಪಿಎಲ್, 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಹಳ್ಳಿಯ ಹುಡುಗನಿಗೂ ಹರಾಜಿನ ಕನಸು ಬೀಳತೊಡಗಿತು. ಒಣಬೇಸಾಯದ ಮನೆಯೊಂದರಲ್ಲಿ ಹುಡುಗನ ತೊಡೆಗಳಲ್ಲಿ ಕಸುವು ಕಂಡರೆ ಅದು ಎರಡೆಕರೆ ನೀರಾವರಿ ಹೊಲ ಕಂಡಷ್ಟೇ ಭರವಸೆ. ಆ ಭರವಸೆಯನ್ನು ಹಗುರವಾಗಿ ಮಾತಾಡುವ ಹಕ್ಕು ನಮಗಿಲ್ಲ. ಆದರೆ ಹೊಲಕ್ಕೂ ಮೈಗೂ ಒಂದು ವ್ಯತ್ಯಾಸವಿದೆ. ಹೊಲವನ್ನು ಒಂದು ವರ್ಷ ಬೀಳು ಬಿಡಬಹುದು. ಇಪ್ಪತ್ತೆರಡರ ಹರೆಯದ ಆಟಗಾರನಿಗೆ ಮೈಯನ್ನು ಒಂದು ವರ್ಷ ಬೀಳು ಬಿಡುವ ಅವಕಾಶವನ್ನು ಯಾರೂ ಕೊಡುವುದಿಲ್ಲ.

ಇಲ್ಲಿ ನಮ್ಮೆಲ್ಲರಿಗೂ ಪ್ರಿಯವಾದ ಒಂದು ದೃಶ್ಯವನ್ನು ನೆನೆಯೋಣ. 2002ರ ಮೇ ತಿಂಗಳು, ಆಂಟಿಗಾದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್ ಪಂದ್ಯ. ಬ್ಯಾಟು ಮಾಡುವಾಗ ಮರ್ವಿನ್ ಡಿಲನ್ ಅವರ ಚೆಂಡು ಬಡಿದು ನಮ್ಮ ಅನಿಲ್ ಕುಂಬ್ಳೆಯವರ ದವಡೆ ಮುರಿಯಿತು. ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಮರಳಬೇಕಾಗಿದ್ದ ಅವರು ತಲೆಯಿಂದ ಗದ್ದದವರೆಗೆ ಪಟ್ಟಿ ಸುತ್ತಿಕೊಂಡು ಮೈದಾನಕ್ಕೆ ಇಳಿದರು. ಸತತವಾಗಿ 14 ಓವರು ಎಸೆದು ಬ್ರಯಾನ್ ಲಾರಾ ಅವರ ವಿಕೆಟ್ ಪಡೆದರು. ಆ ಚಿತ್ರ ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. ಅದನ್ನು ನೆನೆದಾಗ ಮೈ ನವಿರೇಳದವರು ಯಾರು?

ನಮಗೂ ಏಳುತ್ತದೆ. ಕುಂಬ್ಳೆಯವರ ಧೈರ್ಯದ ಬಗ್ಗೆ ನಮಗೆ ಎಳ್ಳಷ್ಟೂ ಅನುಮಾನವಿಲ್ಲ. ಅವರು ಪ್ರಬುದ್ಧರು, ಎಷ್ಟೋ ವರ್ಷ ಆಡಿ ಸ್ಥಾನ ಗಟ್ಟಿ ಮಾಡಿಕೊಂಡವರು. ಇಳಿಯಲೂಬಹುದಿತ್ತು, ಇಳಿಯದೆ ಇರಲೂಬಹುದಿತ್ತು. ಆ ನಿರ್ಧಾರ ಅವರದು. ನಮ್ಮ ಪ್ರಶ್ನೆ ಅವರಿಗಲ್ಲ, ಆ ಚಿತ್ರವನ್ನು ಬಳಸಿಕೊಳ್ಳುವ ನಮಗೆ. ಒಬ್ಬ ದೊಡ್ಡ ಆಟಗಾರ ತಾನಾಗಿ ಕೊಟ್ಟ ಕಾಣಿಕೆಯನ್ನು ನಾವು ಮುಂದಿನವರಿಂದ ವಸೂಲಿ ಮಾಡುವ ತೆರಿಗೆಯನ್ನಾಗಿ ಮಾಡಿಕೊಂಡೆವೇ? ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಭುಜ ಹಿಡಿದುಕೊಂಡು ಹೊರಗೆ ಬಂದ ಹದಿನಾಲ್ಕರ ಹುಡುಗನಿಗೆ “ಕುಂಬ್ಳೆ ದವಡೆ ಮುರಿದರೂ ಆಡಿದ, ನಿನಗೇನಾಗಿದೆ?” ಎಂದು ಗದರುವ ಹಿರಿಯರನ್ನು ನಾವು ನೋಡಿದ್ದೇವೆ. ಆ ಹುಡುಗನಿಗೆ ಕುಂಬ್ಳೆಯವರಿಗಿದ್ದ ಆಯ್ಕೆ ಇಲ್ಲ, ವೈದ್ಯರೂ ಇಲ್ಲ.

ಚಪ್ಪಾಳೆಗೂ ನಿಷ್ಠೆ ಇಲ್ಲ ಎನ್ನುವುದಕ್ಕೆ ಇನ್ನೊಂದು ಉದಾಹರಣೆ ನೋಡಿ. 2023ರ ಮೇ 1ರಂದು ಲಖನೌದಲ್ಲಿ ಬೆಂಗಳೂರು ತಂಡದ ವಿರುದ್ಧ ಆಡುವಾಗ ಲಖನೌ ತಂಡದ ನಾಯಕ, ಕರ್ನಾಟಕದ ಕೆ.ಎಲ್. ರಾಹುಲ್ ಅವರ ತೊಡೆಗೆ ತೀವ್ರ ಪೆಟ್ಟಾಯಿತು. ಓಡಲು ಆಗದ ಸ್ಥಿತಿಯಲ್ಲೂ ಅವರು ಕೊನೆಯ, ಅಂದರೆ ಹನ್ನೊಂದನೆಯ ಬ್ಯಾಟುಗಾರನಾಗಿ ಕ್ರೀಸಿಗೆ ಬಂದರು. ಪಂದ್ಯ ಸೋತರು. ಮುಂದೆ ಶಸ್ತ್ರಚಿಕಿತ್ಸೆಯಾಯಿತು, ತಿಂಗಳುಗಟ್ಟಲೆ ಆಟ ತಪ್ಪಿತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ರನ್ ಬರುತ್ತಿಲ್ಲವೆಂದು ಅವರನ್ನು ಹೀಯಾಳಿಸಿದವರು ನಾವೇ. ಗೆದ್ದ ನೋವಿಗೆ ಮಾಲೆ, ಸೋತ ನೋವಿಗೆ ಮೂದಲಿಕೆ. ಹಾಗಾದರೆ ನಾವು ಮೆಚ್ಚಿದ್ದು ಧೈರ್ಯವನ್ನಲ್ಲ, ಫಲಿತಾಂಶವನ್ನು.

“ಯಾರು ಒತ್ತಾಯಿಸಿದರು? ಆಟಗಾರನೇ ಒಪ್ಪಿ ಬಂದಿದ್ದಾನೆ, ಹಣವನ್ನೂ ಪಡೆಯುತ್ತಾನೆ” ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಒಪ್ಪಿಗೆ ಎಂಬುದು ಒಂದೇ ಬಗೆಯದಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ 50 ಕೆ.ಜಿ. ವಿಭಾಗದ ಫೈನಲ್ ತಲುಪಿದರು. ಆಗಸ್ಟ್ 7ರ ಬೆಳಿಗ್ಗೆ ತೂಕ ಹಾಕಿದಾಗ 100 ಗ್ರಾಂ ಹೆಚ್ಚು ಬಂತು, ಅನರ್ಹರಾದರು. ಹಿಂದಿನ ಇಡೀ ರಾತ್ರಿ ನಿದ್ದೆಯಿಲ್ಲದೆ ವ್ಯಾಯಾಮ ಮಾಡಿ, ಬೆವರು ಹರಿಸಿ, ಕೊನೆಗೆ ಕೂದಲನ್ನೂ ಕತ್ತರಿಸಿದ್ದರು. ನಿರ್ಜಲೀಕರಣದಿಂದ ಆಸ್ಪತ್ರೆ ಸೇರಬೇಕಾಯಿತು. ಇಡೀ ದೇಶ 100 ಗ್ರಾಂ ಬಗ್ಗೆ ಮಾತಾಡಿತು, ಪದಕ ಕೈತಪ್ಪಿದ್ದಕ್ಕೆ ಮರುಗಿತು. ಒಂದು ರಾತ್ರಿಯಲ್ಲಿ ಎರಡು ಕಿಲೋಗೂ ಹೆಚ್ಚು ತೂಕ ಇಳಿಸಲು ಮೈಯನ್ನು ಹಿಂಡುವುದೇ ಸರಿಯೇ ಎಂದು ಕೇಳಿದವರು ಕಡಿಮೆ. ಆ 100 ಗ್ರಾಂ ಇಳಿದಿದ್ದರೆ ಆ ರಾತ್ರಿಯನ್ನು ನಾವು ಛಲದ ಕಥೆಯಾಗಿ ಮಕ್ಕಳ ಪಾಠಪುಸ್ತಕಕ್ಕೆ ಸೇರಿಸುತ್ತಿದ್ದೆವು!

ತೂಕ ಇಳಿಸುವ ಈ ಪದ್ಧತಿ ಎಷ್ಟು ಅಪಾಯಕಾರಿ ಎಂಬುದು ಹೊಸದಾಗಿ ತಿಳಿದ ಸಂಗತಿಯಲ್ಲ. ಅಮೆರಿಕದಲ್ಲಿ 1997ರ ಕೊನೆಯ ಕೆಲವೇ ವಾರಗಳಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ನೀರು ಬಿಟ್ಟು, ಬೆವರು ಹರಿಸಿ ತೂಕ ಇಳಿಸುವಾಗ ಸತ್ತರು. ಆಮೇಲೆ ಅಲ್ಲಿಯ ಕಾಲೇಜು ಕ್ರೀಡಾ ಸಂಸ್ಥೆ ಬಿಸಿ ಹಬೆಯ ಕೋಣೆಗಳನ್ನೂ ರಬ್ಬರ್ ಉಡುಪುಗಳನ್ನೂ ನಿಷೇಧಿಸಿ ನಿಯಮ ತಿದ್ದಿತು. ಅಂದರೆ ನಿಯಮಗಳು ದೇವರು ಬರೆದವಲ್ಲ, ಮನುಷ್ಯರು ಬರೆದವು. ಮನಸ್ಸು ಮಾಡಿದರೆ ತಿದ್ದಬಹುದು. ಮೂರು ಹೆಣ ಬೀಳುವವರೆಗೆ ಕಾಯಬೇಕಿತ್ತೇ ಎಂಬುದೇ ಪ್ರಶ್ನೆ.

ಕರ್ನಾಟಕದ ಅಶ್ವಿನಿ ಅಕ್ಕುಂಜಿಯವರ ಪ್ರಕರಣ ಈ ಒಪ್ಪಿಗೆಯ ಪ್ರಶ್ನೆಯನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ಉಡುಪಿ ಜಿಲ್ಲೆಯ ಹಳ್ಳಿಯೊಂದರಿಂದ ಬಂದ ಈ ಓಟಗಾರ್ತಿ 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ ಗೆದ್ದರು. ಅದೇ ವರ್ಷ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ಮನೆಮನೆಯ ಮಗಳಾದರು. ಮರುವರ್ಷ, 2011ರಲ್ಲಿ, ಅವರ ದೇಹದಲ್ಲಿ ನಿಷೇಧಿತ ಸ್ಟೀರಾಯ್ಡ್ ಪತ್ತೆಯಾಯಿತು. ವಿದೇಶಿ ತರಬೇತುದಾರರು ಒದಗಿಸಿದ ಜಿನ್ಸೆಂಗ್ ಪೂರಕದಿಂದ ಅದು ತಮಗೆ ತಿಳಿಯದಂತೆ ಮೈ ಸೇರಿತು ಎಂಬುದು ಅವರ ಮತ್ತು ಸಂಗಾತಿಗಳ ವಾದವಾಗಿತ್ತು. ತರಬೇತುದಾರರನ್ನು ತೆಗೆದುಹಾಕಲಾಯಿತು. ಇಲ್ಲಿಯ ಸಮಿತಿ ಒಂದು ವರ್ಷದ ನಿಷೇಧ ಹೇರಿತು. 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು.

ಉದ್ದೀಪನ ಮದ್ದಿನ ನಿಯಮ ಸ್ಪಷ್ಟವಾಗಿದೆ: ನಿನ್ನ ಮೈಯೊಳಗೆ ಹೋದುದಕ್ಕೆಲ್ಲ ನೀನೇ ಹೊಣೆ. ಮೋಸವನ್ನು ತಡೆಯಲು ಇಂಥ ಕಟ್ಟುನಿಟ್ಟು ಬೇಕಾಗಬಹುದು. ಆದರೆ ನೈತಿಕ ಕಣ್ಣಿನಿಂದ ನೋಡಿ. ತರಬೇತಿ ಶಿಬಿರದಲ್ಲಿ ಅವಳು ಎಷ್ಟು ಗಂಟೆಗೆ ಏಳಬೇಕು, ಏನು ತಿನ್ನಬೇಕು, ಎಷ್ಟು ಓಡಬೇಕು, ಯಾವಾಗ ಮಲಗಬೇಕು ಎಂಬುದೆಲ್ಲ ಬೇರೆಯವರ ತೀರ್ಮಾನ. ಗುರು ಕೊಟ್ಟದ್ದನ್ನು ಪ್ರಶ್ನಿಸದೆ ಸ್ವೀಕರಿಸುವುದೇ ಶಿಸ್ತು ಎಂದು ಹಳ್ಳಿಯ ಮಕ್ಕಳಿಗೆ ಕಲಿಸಿದವರು ನಾವು. ದಿನವಿಡೀ ಅವಳ ಮೈ ಅವಳದಲ್ಲ. ಸಿಕ್ಕಿಬಿದ್ದ ದಿನ ಮಾತ್ರ ಅದು ಪೂರ್ತಿ ಅವಳದಾಗುತ್ತದೆ. ಅಧಿಕಾರ ಒಂದು ಕಡೆ, ಹೊಣೆ ಇನ್ನೊಂದು ಕಡೆ ಇದ್ದರೆ ಅದನ್ನು ನಿಯಮ ಎನ್ನಬಹುದು, ನ್ಯಾಯ ಎನ್ನಲು ನಾಲಗೆ ಏಳುವುದಿಲ್ಲ.

ಜಗತ್ತಿನ ಅತಿ ಪ್ರಸಿದ್ಧ ಮುಷ್ಟಿಯೋಧ ಮುಹಮ್ಮದ್ ಅಲಿಯವರ ಬದುಕಿನಲ್ಲೂ ಇಂಥದೊಂದು ಘಳಿಗೆ ಬಂದಿತ್ತು. 1977ರ ಸೆಪ್ಟೆಂಬರಿನಲ್ಲಿ ಅರ್ನಿ ಶೇವರ್ಸ್ ಜೊತೆಗಿನ ಪಂದ್ಯದ ನಂತರ ಅವರ ವೈದ್ಯ ಫರ್ಡಿ ಪಚೆಕೊ ಪರೀಕ್ಷೆಯ ವರದಿಗಳನ್ನು ನೋಡಿ ಗಾಬರಿಯಾದರು. ಮೂತ್ರಪಿಂಡಗಳು ಹಾಳಾಗುತ್ತಿವೆ, ಆಟ ನಿಲ್ಲಿಸಿ ಎಂದು ಅಲಿಗೂ ಅವರ ಹತ್ತಿರದವರಿಗೂ ಬರೆದು ತಿಳಿಸಿದರು. ಉತ್ತರ ಬರಲಿಲ್ಲ. ಪಚೆಕೊ ಆ ಬಳಗವನ್ನೇ ಬಿಟ್ಟರು. ಅಲಿ ಮತ್ತೆ ನಾಲ್ಕು ಬಾರಿ ಕಣಕ್ಕಿಳಿದು 1981ರಲ್ಲಿ ನಿಲ್ಲಿಸಿದರು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಯಿತು. ಮುಷ್ಟಿಯ ಹೊಡೆತಗಳೇ ಅದಕ್ಕೆ ಕಾರಣವೆಂದು ಎಲ್ಲ ವೈದ್ಯರೂ ಒಪ್ಪುವುದಿಲ್ಲ. ಆದರೆ ಆ ಪತ್ರಗಳಿಗೆ ಉತ್ತರ ಬಾರದಿದ್ದುದಕ್ಕೆ ಕಾಯಿಲೆ ಕಾರಣವಲ್ಲ. ಅಲಿಯ ಸುತ್ತ ಆಗ ಎಷ್ಟೊಂದು ಜನರಿದ್ದರು! ಅವರ ಗೆಲುವಿನಿಂದ ಬದುಕುತ್ತಿದ್ದವರು, ಅವರನ್ನು ಆರಾಧಿಸುತ್ತಿದ್ದವರು. ‘ಸಾಕು ಮಾಡು’ ಎಂದು ಹೇಳುವವನೊಬ್ಬನು ಅಲ್ಲಿ ಒಬ್ಬಂಟಿಯಾದ. ಸಾವಿರ ಅಭಿಮಾನಿಗಳಿರುವ ಮನುಷ್ಯನಿಗೆ ಒಬ್ಬ ಹಿತೈಷಿ ಸಿಗುವುದು ಇಷ್ಟು ಕಷ್ಟವೇ?

ಇಲ್ಲಿಯವರೆಗೆ ಕಣ್ಣಿಗೆ ಕಾಣುವ ಗಾಯದ ಮಾತಾಯಿತು. ಎಕ್ಸ್‌ರೇಯಲ್ಲಿ ಕಾಣದ ಗಾಯವೂ ಇದೆ. ರಾಬಿನ್ ಉತ್ತಪ್ಪ ಕನ್ನಡಿಗರಿಗೆ ಚಿರಪರಿಚಿತರು, 2007ರ ಟಿ-20 ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. 2020ರಲ್ಲಿ ಅವರು ಬಹಿರಂಗವಾಗಿ ಒಂದು ಸಂಗತಿ ಹೇಳಿದರು. 2009ರಿಂದ 2011ರವರೆಗೆ ತಾವು ಖಿನ್ನತೆಯಲ್ಲಿ ಮುಳುಗಿದ್ದಾಗಿಯೂ ಬದುಕನ್ನೇ ಮುಗಿಸಿಬಿಡುವ ಯೋಚನೆಗಳು ಕಾಡುತ್ತಿದ್ದುದಾಗಿಯೂ ತಿಳಿಸಿದರು. ಆ ವರ್ಷಗಳಲ್ಲಿ ನಾವೇನು ಮಾಡುತ್ತಿದ್ದೆವು? ಅವರು ಔಟಾದ ಹೊಡೆತವನ್ನು ಟೀವಿಯಲ್ಲಿ ಮತ್ತೆ ಮತ್ತೆ ನೋಡಿ, ತಲೆ ಸರಿಯಿಲ್ಲದವನಂತೆ ಆಡಿದ ಎಂದು ನಗುತ್ತಿದ್ದೆವು. ಉತ್ತಪ್ಪ ನೆರವು ಪಡೆದರು, ಚೇತರಿಸಿಕೊಂಡರು. 2014ರ ಐಪಿಎಲ್‌ನಲ್ಲಿ 660 ರನ್ ಹೊಡೆದು ಎಲ್ಲರಿಗಿಂತ ಮುಂದೆ ನಿಂತರು. ನೆರವು ಕೇಳುವುದು ಆಟದ ಅಂತ್ಯವಲ್ಲ ಎಂಬುದಕ್ಕೆ ಅವರೇ ಸಾಕ್ಷಿ.

ನಮ್ಮ ಭಾಗದಲ್ಲಿ ಒಂದು ಮಾತಿದೆ. ಯಾರಾದರೂ ಸ್ವಲ್ಪ ಬೇರೆಯಾಗಿ ನಡೆದುಕೊಂಡರೆ “ಇವನ್ನ ಧಾರವಾಡಕ್ಕ ಕಳಸಬೇಕು” ಎಂದು ನಗುತ್ತಾರೆ. ಧಾರವಾಡದಲ್ಲಿ ಬಹು ಹಿಂದಿನಿಂದ ಮಾನಸಿಕ ಆಸ್ಪತ್ರೆ ಇದೆ. ಇಂದು ಅದು ಡಿಮ್ಹಾನ್ಸ್ ಎಂಬ ದೊಡ್ಡ ಚಿಕಿತ್ಸಾ ಮತ್ತು ಶಿಕ್ಷಣ ಸಂಸ್ಥೆ. ಅಣ್ಣಿಗೇರಿಯಿಂದ ಒಂದು ಹಗಲಿನಲ್ಲಿ ಹೋಗಿ ಬರಬಹುದಾದಷ್ಟು ಹತ್ತಿರ. ಇಂಥ ಆಸ್ಪತ್ರೆ ಮಗ್ಗುಲಲ್ಲೇ ಇರುವುದು ನಮ್ಮ ಭಾಗ್ಯ. ಆ ಭಾಗ್ಯವನ್ನು ನಾವು ಬೈಗುಳವನ್ನಾಗಿ ಮಾಡಿಕೊಂಡಿದ್ದೇವೆ! ಮಣಕಾಲು ಉಳುಕಿದ ಪೈಲ್ವಾನ ಎಲುಬಿನ ಡಾಕ್ಟರ ಹತ್ತಿರ ಹೋಗಲು ನಾಚುವುದಿಲ್ಲ. ನಿದ್ದೆ ಬಾರದ, ಎದೆ ಡವಗುಟ್ಟುವ, ಅಖಾಡ ನೆನೆದರೆ ಕೈ ನಡುಗುವ ಪೈಲ್ವಾನ ಯಾರಿಗೆ ಹೇಳಬೇಕು? ಹೇಳಿದರೆ ‘ಅಂಜುಬುರುಕ’ ಎಂಬ ಹೆಸರು. ಗಂಡಸುತನದ ಈ ಅಳತೆಗೋಲು ಎಷ್ಟು ಹುಡುಗರನ್ನು ಒಳಗೊಳಗೇ ಮುರಿದಿದೆಯೋ!

ದೊಡ್ಡ ದೇಶಗಳ ದೊಡ್ಡ ಆಟಗಾರರೂ ಈ ಭಯದಿಂದ ಹೊರತಲ್ಲ. ಜರ್ಮನಿಯ ಫುಟ್ಬಾಲ್ ಗೋಲ್‌ಕೀಪರ್ ರಾಬರ್ಟ್ ಎಂಕೆ 2009ರ ನವೆಂಬರಿನಲ್ಲಿ ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ಖಿನ್ನತೆಯ ಸುದ್ದಿ ಹೊರಬಿದ್ದರೆ ಆಟವೂ ಹೋಗುತ್ತದೆ, ದತ್ತು ಪಡೆದ ಮಗಳೂ ಕೈತಪ್ಪುತ್ತಾಳೆ ಎಂದು ಅವರು ಹೆದರಿದ್ದರೆಂದು ಆಮೇಲೆ ಪತ್ನಿ ಜಗತ್ತಿಗೆ ತಿಳಿಸಿದರು. ಇದಕ್ಕೆ ಎದುರಾಗಿ ಸಿಮೋನ್ ಬೈಲ್ಸ್ ಅವರನ್ನು ನೋಡಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಗಾಳಿಯಲ್ಲಿ ತಿರುಗುವಾಗ ತನ್ನ ಮೈ ಎಲ್ಲಿದೆ ಎಂಬ ಅರಿವೇ ತಪ್ಪುತ್ತಿದೆ ಎಂದು ತಿಳಿದಾಗ ಈ ಜಿಮ್ನಾಸ್ಟ್ ತಂಡದ ಫೈನಲ್‌ನ ನಡುವೆಯೇ ಹಿಂದೆ ಸರಿದರು. ದೇಶದ್ರೋಹಿ ಎಂದವರೂ ಇದ್ದರು. ಅವರು 2024ರಲ್ಲಿ ಪ್ಯಾರಿಸ್‌ಗೆ ಬಂದು ಮೂರು ಚಿನ್ನ ಗೆದ್ದರು. ಆದರೆ ಆ ಚಿನ್ನದಿಂದಾಗಿಯೇ 2021ರ ನಿರ್ಧಾರ ಸರಿಯಾಯಿತೆಂದು ನಾವು ತಿಳಿಯಬಾರದು. ಮರಳಿ ಬಾರದಿದ್ದರೂ, ಒಂದೂ ಪದಕ ಗೆಲ್ಲದಿದ್ದರೂ ಅದು ಸರಿಯೇ ಆಗಿತ್ತು. ಕುತ್ತಿಗೆ ಉಳಿಸಿಕೊಳ್ಳಲು ಯಾರೂ ಪದಕದ ಜಾಮೀನು ಕೊಡಬೇಕಾಗಿಲ್ಲ.

ಆಟ ಮುಗಿದ ಮೇಲಿನ ಬದುಕು ಇನ್ನೊಂದು ಅಧ್ಯಾಯ. ಹತ್ತನೆಯ ವಯಸ್ಸಿನಿಂದ ಒಂದೇ ಕೆಲಸ ಕಲಿತು, ಮೂವತ್ತೈದಕ್ಕೆ ಆ ಕೆಲಸಕ್ಕೆ ಬೇಡವಾದವನು ತನ್ನನ್ನು ಯಾರೆಂದು ಪರಿಚಯಿಸಿಕೊಳ್ಳಬೇಕು? ಅರಸೀಕೆರೆಯಲ್ಲಿ ಹುಟ್ಟಿದ ವೇಗದ ಬೌಲರ್ ಡೇವಿಡ್ ಜಾನ್ಸನ್ 1996ರಲ್ಲಿ ಭಾರತಕ್ಕಾಗಿ ಎರಡು ಟೆಸ್ಟ್ ಆಡಿದರು. 2024ರ ಜೂನ್ 20ರಂದು ಬೆಂಗಳೂರಿನ ತಮ್ಮ ಮನೆಯ ಬಾಲ್ಕನಿಯಿಂದ ಬಿದ್ದು, 52ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕೊನೆಯ ದಿನಗಳ ಬಗ್ಗೆ ಊಹೆ ಮಾಡುವುದು ಸಭ್ಯತೆಯಲ್ಲ, ನಾವು ಮಾಡುವುದಿಲ್ಲ. ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದುದು ಇಷ್ಟೇ: ಆ ಎರಡು ಟೆಸ್ಟ್‌ಗಳ ನಂತರದ ಇಪ್ಪತ್ತೇಳು ವರ್ಷಗಳಲ್ಲಿ ಆ ಹೆಸರು ನಮ್ಮ ಬಾಯಲ್ಲಿ ಎಷ್ಟು ಸಲ ಬಂದಿತ್ತು?

ಇಲ್ಲೊಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. “ಹಮಾಲಿ ಬೆನ್ನು ಸವೆಸುತ್ತಾನೆ, ರೈತ ಸೊಂಟ ಮುರಿದುಕೊಳ್ಳುತ್ತಾನೆ. ಕೋಟಿ ಎಣಿಸುವ ಆಟಗಾರನಿಗಾಗಿ ನಾವೇಕೆ ಮರುಗಬೇಕು?” ಎಂದು ಕೇಳುವವರಿದ್ದಾರೆ. ಹಮಾಲಿಯ ಬೆನ್ನಿನ ಬಗ್ಗೆ ಮರುಗದ ಸಮಾಜ ಆಟಗಾರನ ಬಗ್ಗೆಯೂ ಮರುಗುವುದಿಲ್ಲ, ಎರಡೂ ಒಂದೇ ಮನೋಭಾವದ ಫಲ ಎಂಬುದೇ ನಮ್ಮ ಉತ್ತರ. ಅಲ್ಲದೆ ಕೋಟಿ ಎಣಿಸುವವರು ಬೆರಳೆಣಿಕೆಯಷ್ಟು. ಅವರ ಹಿಂದೆ ಕ್ರೀಡಾ ವಸತಿ ನಿಲಯದಿಂದ ಪೆಟ್ಟಾಗಿ ಮನೆಗೆ ಮರಳಿದ, ಇತ್ತ ಓದೂ ಇಲ್ಲ ಅತ್ತ ಆಟವೂ ಇಲ್ಲವೆಂಬಂತಾದ ಹುಡುಗ ಹುಡುಗಿಯರ ದೊಡ್ಡ ಸಾಲಿದೆ. ಹಮಾಲಿಯ ನೋವಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆಟಗಾರನ ನೋವಿಗೆ ನಾವು ಚಪ್ಪಾಳೆ ತಟ್ಟುತ್ತೇವೆ. ಆದ್ದರಿಂದಲೇ ನಮ್ಮ ಹೊಣೆ ಇಲ್ಲಿ ಹೆಚ್ಚು.

ನೋವಿಲ್ಲದೆ ಆಟವಿಲ್ಲ ಎಂಬುದೂ ನಿಜ. ಸಾಮು ಮಾಡಿದರೆ ಮೈ ನೋಯುತ್ತದೆ. ಆದರೆ ಕಟ್ಟುವ ನೋವು ಬೇರೆ, ಕೆಡಹುವ ನೋವು ಬೇರೆ. ಮೊದಲನೆಯದು ರಾತ್ರಿ ನಿದ್ದೆ ಮಾಡಿದರೆ ಇಳಿಯುತ್ತದೆ, ಎರಡನೆಯದು ನಿದ್ದೆಯನ್ನೇ ಕೆಡಿಸುತ್ತದೆ. ಒಳ್ಳೆಯ ವಸ್ತಾದನಿಗೆ ಈ ಭೇದ ತಿಳಿದಿರುತ್ತಿತ್ತು. “ಇವತ್ತ ಜೋರ್ ಬ್ಯಾಡ, ಮಣ್ಣ ತಿರುವಿ ಹೋಗು” ಎಂದು ಹುಡುಗನನ್ನು ತಡೆಯುವ ಅಧಿಕಾರ ಅವನಿಗಿತ್ತು. ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತು ಎಂದೂ ನಾವು ಹೇಳಲಾರೆವು. ಅದೇ ಗರಡಿಗಳಲ್ಲಿ ಕಿವಿಯ ರಕ್ತವನ್ನು ಹೆಮ್ಮೆಯ ಗುರುತೆಂದು ಹಾಗೇ ಬಿಟ್ಟರು. ಅತ್ತ ಹುಡುಗನನ್ನು ಹೆಣ್ಣಿಗೆ ಹೋಲಿಸಿ ಹಂಗಿಸಿದರು. ಇಂದಿನ ಕೆಲವು ಜಿಮ್‌ಗಳು ಇದಕ್ಕಿಂತ ಮುಂದೆ ಹೋಗಿ ಹೃದಯ, ಯಕೃತ್ತುಗಳನ್ನು ತಿನ್ನುವ ಸೂಜಿಮದ್ದನ್ನು ಹದಿಹರೆಯದವರ ಕೈಗೆ ಕೊಡುತ್ತಿವೆ.

ಅಣ್ಣಿಗೇರಿಯನ್ನು ಆದಿಕವಿ ಪಂಪನ ಊರೆಂದು ನಾವು ಹೆಮ್ಮೆಪಡುತ್ತೇವೆ. ಅವನ ‘ಆದಿಪುರಾಣ’ದಲ್ಲಿ ಒಂದು ಕುಸ್ತಿಯ ಪ್ರಸಂಗವಿದೆ. ಭರತ ಮತ್ತು ಬಾಹುಬಲಿ ಸೇನೆಗಳನ್ನು ಬದಿಗಿರಿಸಿ ದೃಷ್ಟಿಯುದ್ಧ, ಜಲಯುದ್ಧ, ಕೊನೆಗೆ ಮಲ್ಲಯುದ್ಧಕ್ಕೆ ಇಳಿಯುತ್ತಾರೆ. ಬಾಹುಬಲಿ ಅಣ್ಣನನ್ನು ಎತ್ತಿ ಹಿಡಿಯುತ್ತಾನೆ. ನೆಲಕ್ಕೆ ಅಪ್ಪಳಿಸಿದರೆ ಗೆಲುವು ಲೋಕಕ್ಕೆಲ್ಲ ಕಾಣುತ್ತದೆ. ಆದರೆ ಅವನು ಅಣ್ಣನ ಹಿರಿತನವನ್ನು ನೆನೆದು ಮೆಲ್ಲನೆ ಕೆಳಗಿಳಿಸುತ್ತಾನೆ. ಸಾವಿರ ವರ್ಷಕ್ಕೂ ಹಿಂದೆ, ಕ್ರಿ.ಶ. 941ರಲ್ಲಿ ರಚಿತವಾದ ಕಾವ್ಯ ಅದು. ಕೈಯಲ್ಲಿರುವ ಮೈ ಒಬ್ಬ ಮನುಷ್ಯನದು ಎಂಬ ಅರಿವು ಆ ಮಲ್ಲನಿಗೆ ಗೆಲುವಿನ ತುದಿಯಲ್ಲೂ ತಪ್ಪಲಿಲ್ಲ. ನಾವೂ ಆಟಗಾರರನ್ನು ಎತ್ತುತ್ತೇವೆ, ಹೆಗಲ ಮೇಲೆ ಹೊರುತ್ತೇವೆ. ಇಳಿಸುವುದು ಹೇಗೆಂದು ಮಾತ್ರ ಕಲಿತಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ಸಂಸ್ಥೆಗಳು ಕಣ್ಣು ತೆರೆಯುತ್ತಿವೆ. 2019ರಿಂದ ಅಂತಾರಾಷ್ಟ್ರೀಯ ಕ್ರಿಕೆಟ್‌ನಲ್ಲಿ ತಲೆಗೆ ಪೆಟ್ಟಾಗಿ ಮಂಪರಾದ ಆಟಗಾರನ ಬದಲಿಗೆ ಇನ್ನೊಬ್ಬನನ್ನು ಇಳಿಸಬಹುದು. ಅದೇ ವರ್ಷ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು, ಆಟಗಾರರ ಮಾನಸಿಕ ಆರೋಗ್ಯವನ್ನು ದೈಹಿಕ ಆರೋಗ್ಯದಿಂದ ಬೇರ್ಪಡಿಸಲಾಗದು ಎಂದು ಹೇಳಿದರು. ಆದರೆ ಗಾಯಾಳು ಆಡಬಹುದೇ ಇಲ್ಲವೇ ಎಂದು ಹೇಳುವ ವೈದ್ಯ ತಂಡದ ಗೆಲುವಿನಿಂದ ಸಂಬಳ ಪಡೆಯುವವನಾಗಿರಬಾರದು ಎಂಬ ಸಾಮಾನ್ಯ ವಿವೇಕ ಎಲ್ಲ ಕಡೆ ಇನ್ನೂ ಬಂದಿಲ್ಲ.

ಊರ ಮಟ್ಟದಲ್ಲಿ ಮಾಡಬಹುದಾದುದು ಇನ್ನೂ ಸರಳ. ಜಾತ್ರೆ, ಉರುಸಿನ ಕಮಿಟಿಯವರು ಕುಸ್ತಿಗೆಂದು ಮನೆಮನೆಯಿಂದ ಪಟ್ಟಿ ಎತ್ತುತ್ತಾರೆ. ಅದರಲ್ಲಿ ಬಹುಮಾನಕ್ಕೆ ಒಂದು ಪಾಲು ಇರುವಂತೆ ಪೆಟ್ಟಾದವರ ಚಿಕಿತ್ಸೆಗೂ ಒಂದು ಪಾಲನ್ನು ಮೊದಲೇ ಎತ್ತಿಡಬಹುದು. ಕಣದ ಬದಿಗೆ ಒಬ್ಬ ವೈದ್ಯರನ್ನು ಕೂರಿಸಿ, ಅವರು ‘ಸಾಕು’ ಎಂದರೆ ಕುಸ್ತಿ ನಿಕಾಲಿ ಇರಲಿ ಏನೇ ಇರಲಿ ನಿಲ್ಲಬೇಕು ಎಂದು ನಿಯಮ ಮಾಡಬಹುದು. ದೈಹಿಕ ಶಿಕ್ಷಕರು ಮಕ್ಕಳ ಓಟದ ವೇಗದ ಜೊತೆಗೆ ನಿದ್ದೆಯನ್ನೂ ವಿಚಾರಿಸಬಹುದು. ತೂಕ ಇಳಿಸುವ ಹೆಸರಿನಲ್ಲಿ ಉಪವಾಸ ಬೀಳುವ ಹೆಣ್ಣುಮಕ್ಕಳ ಮುಟ್ಟು ನಿಂತರೆ ಅದು ಎಲುಬು ಸವೆಯುವ ಮುನ್ಸೂಚನೆ ಎಂದು ತಾಯಂದಿರಿಗೆ ತಿಳಿಸಬಹುದು. ಮನಸ್ಸು ಕುಸಿದವರಿಗೆ 14416 ಎಂಬ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 2022ರಿಂದ ಇದೆ. ಆ ಸಂಖ್ಯೆಯನ್ನು ಗರಡಿ ಮನೆಯ ಗೋಡೆಯ ಮೇಲೆ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.

ಇವೆಲ್ಲಕ್ಕಿಂತ ಮೊದಲು ನಮ್ಮ ಮಾತು ಬದಲಾಗಬೇಕು. ಪೆಟ್ಟಾಗಿ ಮನೆಯಲ್ಲಿ ಕುಳಿತ ಹುಡುಗನನ್ನು ನೋಡಲು ಹೋದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, “ಮತ್ತ ಯಾವಾಗ ಕಣಕ್ಕ ಇಳೀತಿ?” ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಹುಡುಗನ ಕಿವಿಗೆ ಅದು, ಕಣಕ್ಕೆ ಇಳಿಯದಿದ್ದರೆ ನೀನು ನಮಗೆ ಯಾರೂ ಅಲ್ಲ ಎಂದು ಕೇಳಿಸುತ್ತದೆ. “ಹ್ಯಾಂಗದಿ ತಮ್ಮಾ? ರಾತ್ರಿ ನಿದ್ದಿ ಬರ್ತದ?” ಎಂದು ಕೇಳಲು ನಮಗೇನೂ ಖರ್ಚಾಗುವುದಿಲ್ಲ.

ದೇಹ ನಾವು ಸಂಪಾದಿಸಿದ ಆಸ್ತಿಯಲ್ಲ, ನಮ್ಮ ಕೈಗೆ ಒಪ್ಪಿಸಲಾದ ಅಮಾನತು ಎಂದು ನಂಬುವವರು ನಾವು. ಆ ನಂಬಿಕೆ ಇಲ್ಲದವರೂ ಇನ್ನೊಬ್ಬರ ದೇಹ ನಮ್ಮ ಮನರಂಜನೆಯ ಸಾಮಗ್ರಿಯಲ್ಲ ಎಂಬುದನ್ನು ಒಪ್ಪಬಲ್ಲರು. ಗೆಲುವಿನಲ್ಲಿ ‘ನಾವು’ ಎನ್ನುವುದು ತಪ್ಪಲ್ಲ. ಒಬ್ಬನ ಗೆಲುವಿನಿಂದ ಒಂದು ಊರು ತಲೆ ಎತ್ತಿ ನಡೆಯುವುದು ಒಳ್ಳೆಯದೇ. ಆದರೆ ಆ ‘ನಾವು’ ಎಂಬ ಪದಕ್ಕೆ ಒಂದು ಬೆಲೆ ಇದೆ. ಮುಂದಿನ ಜಾತ್ರೆಯಲ್ಲಿ ಕುಸ್ತಿ ಮುಗಿದು, ಹಲಗಿಯ ಸದ್ದು ಗೆದ್ದವನ ಹಿಂದೆ ಹೋದಾಗ, ನಮ್ಮಲ್ಲಿ ನಾಲ್ಕು ಜನ ಕಣದ ಇನ್ನೊಂದು ಮೂಲೆಗೆ ಹೋಗಿ ಬಿದ್ದವನನ್ನು ಎಬ್ಬಿಸೋಣ. ಅವನನ್ನು ಆಸ್ಪತ್ರೆಗೆ, ಅಲ್ಲಿಂದ ಮನೆಗೆ ಮುಟ್ಟಿಸೋಣ. ಗಾಡಿ ಬಾಡಿಗೆಯನ್ನು ಈ ಸಲ ಊರು ಕೊಡಲಿ.